ಮನೆಯ ಬಳಿಯ ಗಾಳಿಯನ್ನು ಅಳೆಯುವ ಕ್ರಮ: ನಂಬಬಹುದಾದ ಪಿಎಂ 2.5 ದಾಖಲೆಗೆ ಸಮಗ್ರ ಮಾರ್ಗದರ್ಶಿ

ಪಿಎಂ 2.5 ಅನ್ನು, ಅಂದರೆ ಗಾಳಿಯಲ್ಲಿ ತೇಲುವ 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳನ್ನು, ಅಳೆಯುವ ಸಣ್ಣ ಗಾಳಿ ಮೀಟರ್ ಕೊಂಡವರು ಬಹುಪಾಲು ಒಂದೇ ಕಡೆ ಎಡವುತ್ತಾರೆ. ಮೀಟರನ್ನು ಅಡುಗೆಮನೆಯ ಪಕ್ಕದ ಕಿಟಕಿಯಲ್ಲಿಟ್ಟು, ಅದು ತೋರಿಸಿದ ಅತಿ ದೊಡ್ಡ ಅಂಕಿಯ ಫೋಟೊ ತೆಗೆದು, ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, ಅದೇ ಫೋಟೊವನ್ನು ದೂರಿನ ಜೊತೆ ಪಾಲಿಕೆಗೂ ಕಳಿಸುತ್ತಾರೆ. ಇದು ಎಷ್ಟು ಹೊತ್ತಿನ ಸರಾಸರಿ, ಯಾವ ದೇಶದ ಗಾಳಿ ಗುಣಮಟ್ಟ ಸೂಚ್ಯಂಕ, ಆ ಹೊತ್ತಿಗೆ ಮಂಜು ಕವಿದಿತ್ತೇ, ಒಳಗೆ ಯಾರಾದರೂ ಒಗ್ಗರಣೆ ಹಾಕುತ್ತಿದ್ದರೇ ಎಂದು ಯಾರಾದರೂ ಕೇಳಿದರೆ ಆ ಫೋಟೊದಲ್ಲಿ ಉತ್ತರವಿರುವುದಿಲ್ಲ. ಅಂಥ ಅಂಕಿ ಎಷ್ಟೇ ದೊಡ್ಡದಾಗಿದ್ದರೂ ದೂರನ್ನು ಬದಿಗಿಡುವವರಿಗೆ ನೆಪವಾಗುತ್ತದೆಯೇ ಹೊರತು ಸಾಕ್ಷಿಯಾಗುವುದಿಲ್ಲ.

ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡಬೇಡಿ. ಒಳಗೆ ಪರೀಕ್ಷಿಸದೆ ಸೆನ್ಸರನ್ನು ನೇರವಾಗಿ ತಾರಸಿಯಲ್ಲಿ ಕಟ್ಟಿಬಿಟ್ಟರೆ, ಮುಂದೆ ಕಾಣುವ ತಪ್ಪು ಸೆನ್ಸರಿನದೋ ಜಾಗದ್ದೋ ಎಂದು ಹೇಳಲು ಯಾವ ದಾರಿಯೂ ಉಳಿಯುವುದಿಲ್ಲ.

ಹಂತ 1: ಪ್ರಶ್ನೆಯನ್ನು ಮೊದಲು ಬರೆದಿಡಿ

ನಿಮಗೆ ತಿಳಿಯಬೇಕಾಗಿರುವುದು ಏನು ಎಂಬುದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಒಂದೇ ವಾಕ್ಯದಲ್ಲಿ ಬರೆಯಿರಿ. ನಮ್ಮ ಬೀದಿಯ ಗಾಳಿ ಸಾಮಾನ್ಯವಾಗಿ ಹೇಗಿದೆ ಎಂಬುದು ಒಂದು ಪ್ರಶ್ನೆ. ಖಾಲಿ ನಿವೇಶನದಲ್ಲಿ ಕಸ ಸುಟ್ಟಾಗ ನಮ್ಮ ಮನೆಗೆ ಎಷ್ಟು ಹೊಗೆ ಬರುತ್ತದೆ ಎಂಬುದು ಬೇರೊಂದು. ಮಗು ಮಲಗುವ ಕೋಣೆಯ ಗಾಳಿ ಹೇಗಿದೆ ಎಂಬುದು ಮೂರನೆಯದು. ಮೊದಲನೆಯದಕ್ಕೆ ಸೆನ್ಸರ್ ಯಾವ ಹೊಗೆಯ ಮೂಲಕ್ಕೂ ಹತ್ತಿರವಿರಬಾರದು, ಎರಡನೆಯದಕ್ಕೆ ಅದು ಆ ನಿವೇಶನದ ಕಡೆಯ ಗೋಡೆಯಲ್ಲಿರಬೇಕು, ಮೂರನೆಯದಕ್ಕೆ ಒಳಗೊಂದು ಹೊರಗೊಂದು ಎಂದು ಎರಡು ಸೆನ್ಸರ್ ಬೇಕು. ಒಂದೇ ಸೆನ್ಸರನ್ನು ಅಲ್ಲಿಂದಿಲ್ಲಿಗೆ ಎತ್ತಿಡುತ್ತ ಮೂರಕ್ಕೂ ಉತ್ತರ ಹುಡುಕಿದರೆ ಒಂದಕ್ಕೂ ಸಿಗುವುದಿಲ್ಲ.

ಹಂತ 2: ಸಲಕರಣೆಯನ್ನು ಆರಿಸುವುದು

ಮನೆಬಳಕೆಯ ಮೀಟರ್‌ಗಳ ಒಳಗೆ ಒಂದು ಪುಟ್ಟ ಫ್ಯಾನ್, ಒಂದು ಲೇಸರ್ ಮತ್ತು ಬೆಳಕನ್ನು ಗ್ರಹಿಸುವ ಒಂದು ಡಯೋಡ್ ಇರುತ್ತವೆ. ಹೆಂಚಿನ ಮನೆಯ ಬೆಳಕಿಂಡಿಯಿಂದ ಇಳಿದ ಬಿಸಿಲುಕೋಲಿನಲ್ಲಿ ಧೂಳು ಹೊಳೆಯುವಂತೆ, ಲೇಸರಿನ ಹಾದಿಗೆ ಬಂದ ಕಣ ಬೆಳಕನ್ನು ಚದುರಿಸುತ್ತದೆ. ಚದುರಿದ ಆ ಬೆಳಕಿನಿಂದ ಸೆನ್ಸರ್ ಕಣಗಳ ಗಾತ್ರವನ್ನೂ ಸಂಖ್ಯೆಯನ್ನೂ ಅಂದಾಜು ಮಾಡಿ, ಅದರ ಮೇಲೆ ತೂಕವನ್ನು ಲೆಕ್ಕ ಹಾಕುತ್ತದೆ. ಇದು ತೂಗಿ ನೋಡಿದ ತೂಕವಲ್ಲ, ಲೆಕ್ಕದಿಂದ ಬಂದ ತೂಕ ಎಂಬುದು ಮನಸ್ಸಿನಲ್ಲಿದ್ದರೆ ಮುಂದಿನ ಎಚ್ಚರಿಕೆಗಳಲ್ಲಿ ಹೆಚ್ಚಿನವು ತಾವಾಗಿ ಅರ್ಥವಾಗುತ್ತವೆ.

ಸುಲಭವಾಗಿ ಸಿಗುವವುಗಳಲ್ಲಿ ನೋವಾ ಕಂಪನಿಯ ಎಸ್‌ಡಿಎಸ್011, ಪ್ಲಾಂಟವರ್‌ನ ಪಿಎಂಎಸ್5003 ಮತ್ತು ಸೆನ್ಸಿರಿಯನ್‌ನ ಎಸ್‌ಪಿಎಸ್30 ಹೆಚ್ಚು ಬಳಕೆಯಲ್ಲಿವೆ. ಮೂರನೆಯದು ಉಳಿದೆರಡಕ್ಕಿಂತ ದುಬಾರಿ. ಇದರ ಜೊತೆಗೆ ಸೆನ್ಸರಿನ ಅಂಕಿಗಳನ್ನು ಓದಿ ಕಳಿಸಲು ವೈಫೈ ಇರುವ ನೋಡ್‌ಎಂಸಿಯು ಬೋರ್ಡ್, ಆರ್ದ್ರತೆ ಮತ್ತು ಉಷ್ಣತೆ ಅಳೆಯಲು ಬಿಎಂಇ280, 5 ವೋಲ್ಟ್‌ನ ಒಳ್ಳೆಯ ಅಡಾಪ್ಟರ್, ಪಿವಿಸಿ ಪೈಪಿನ ಬೆಂಡ್ ಎರಡು, ಸೊಳ್ಳೆಪರದೆಯ ಜಾಲರಿ, ಕೇಬಲ್ ಟೈ ಬೇಕು. ಆರ್ದ್ರತೆಯ ಸೆನ್ಸರನ್ನು ಹಣ ಉಳಿಸಲೆಂದು ಕೈಬಿಡುವವರು ಬಹಳ. ಅದಿಲ್ಲದ ದಾಖಲೆಯಲ್ಲಿ ಮಳೆಗಾಲದ ತಿಂಗಳುಗಳನ್ನು ಪೂರ್ತಿ ಕಡೆಗಣಿಸಬೇಕಾಗುತ್ತದೆ.

ಬೋರ್ಡ್, ತಂತಿ ಎಂದರೆ ಬೇಡವೆನ್ನುವವರು ಸಿದ್ಧ ಮೀಟರನ್ನೇ ಕೊಳ್ಳಬಹುದು. ಆದರೆ ಅದು ಪ್ರತಿ ನಿಮಿಷದ ಅಂಕಿಯನ್ನು ಸಮಯದ ಸಮೇತ ಉಳಿಸಿಡಬೇಕು, ಸೂಚ್ಯಂಕವನ್ನಷ್ಟೇ ಅಲ್ಲದೆ ಘನ ಮೀಟರಿಗೆ ಎಷ್ಟು ಮೈಕ್ರೋಗ್ರಾಂ ಎಂಬುದನ್ನೂ ತೋರಿಸಬೇಕು. ಪರದೆಯ ಮೇಲೆ ಹಸಿರು, ಹಳದಿ, ಕೆಂಪು ಮುಖ ತೋರಿಸಿ ಸುಮ್ಮನಾಗುವ ಮೀಟರ್ ಈ ಕೆಲಸಕ್ಕೆ ಬಾರದು.

ಕೊಳ್ಳುವಾಗ ಎರಡು ಆಮಿಷಗಳಿಗೆ ಬಲಿಯಾಗಬೇಡಿ. ಅಗ್ಗದ ಮೀಟರಿನ ಡಬ್ಬಿಯ ಮೇಲೆ ಇಂಗಾಲದ ಡೈಆಕ್ಸೈಡ್, ಫಾರ್ಮಾಲ್ಡಿಹೈಡ್ ಎಂದೆಲ್ಲ ಬರೆದಿರುತ್ತದೆ. ಅವುಗಳಲ್ಲಿ ಹಲವು ಬೇರೆ ಅನಿಲಗಳನ್ನು ಗ್ರಹಿಸಿ ಇಂಗಾಲದ ಡೈಆಕ್ಸೈಡನ್ನು ಊಹಿಸುತ್ತವೆಯೇ ಹೊರತು ಅಳೆಯುವುದಿಲ್ಲ. ಪಿಎಂ 10 (10 ಮೈಕ್ರಾನ್ ತನಕದ ಕಣಗಳ) ಅಂಕಿಯೂ ಹಾಗೆಯೇ. ದಪ್ಪ ಧೂಳಿನ ಕಣಗಳನ್ನು ಈ ಚಿಕ್ಕ ಫ್ಯಾನುಗಳು ಸರಿಯಾಗಿ ಎಳೆದುಕೊಳ್ಳಲಾರವು. ಆದ್ದರಿಂದ ಕಟ್ಟಡ ಕಾಮಗಾರಿಯ ಧೂಳಿನ ಬಗ್ಗೆ ದೂರು ಕೊಡುವುದಿದ್ದರೆ ಈ ಸೆನ್ಸರಿನ ಪಿಎಂ 10 ಅಂಕಿಯನ್ನು ಆಧಾರ ಮಾಡಿಕೊಳ್ಳಬೇಡಿ. ಇದು ಬೆಂಕಿ, ವಾಹನ ಮತ್ತು ಜನರೇಟರ್ ಹೊಗೆಯ ಸಲಕರಣೆ.

ಹಂತ 3: ಜೋಡಣೆ ಮತ್ತು ಗಡಿಯಾರ

ಜೋಡಣೆಯಲ್ಲಿ ಎರಡೇ ಎರಡು ತಪ್ಪುಗಳು ಮತ್ತೆ ಮತ್ತೆ ಆಗುತ್ತವೆ. ಸೆನ್ಸರಿನ ಟಿಎಕ್ಸ್ (ಅಂಕಿ ಕಳಿಸುವ) ತಂತಿ ಬೋರ್ಡಿನ ಆರ್‌ಎಕ್ಸ್‌ಗೆ (ಅಂಕಿ ಪಡೆಯುವ ಪಿನ್ನಿಗೆ) ಹೋಗಬೇಕು; ಟಿಎಕ್ಸ್‌ಗೆ ಟಿಎಕ್ಸ್ ಸೇರಿಸಿದರೆ ಏನೂ ಬರುವುದಿಲ್ಲ. ಫ್ಯಾನ್ ತಿರುಗಲು 5 ವೋಲ್ಟ್ ಬೇಕು, ಬೋರ್ಡಿನ 3.3 ವೋಲ್ಟ್ ಪಿನ್ನಿಗೆ ಸಿಕ್ಕಿಸಿದರೆ ಫ್ಯಾನ್ ಸರಿಯಾಗಿ ತಿರುಗದೆ ಅಂಕಿ ತಪ್ಪುತ್ತದೆ. ಪ್ಲಾಂಟವರ್ ಸೆನ್ಸರ್ ಎರಡು ಬಗೆಯ ಪಿಎಂ 2.5 ಕೊಡುತ್ತದೆ: ಒಂದು ಕಾರ್ಖಾನೆಯ ಲೆಕ್ಕದ್ದು, ಇನ್ನೊಂದು ಹೊರಗಾಳಿಗೆಂದು ಹೊಂದಿಸಿದ್ದು. ಹೊಗೆ ಹೆಚ್ಚಿದಾಗ ಇವೆರಡರ ನಡುವೆ ದೊಡ್ಡ ಅಂತರ ಬರುವುದರಿಂದ, ನಿಮ್ಮ ಪ್ರೋಗ್ರಾಂ ಯಾವುದನ್ನು ಉಳಿಸುತ್ತಿದೆ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಮಧ್ಯದಲ್ಲಿ ಬದಲಿಸಬೇಡಿ.

ಗಡಿಯಾರವನ್ನು ಯಾರೂ ಪರೀಕ್ಷಿಸುವುದಿಲ್ಲ. ಬೋರ್ಡ್ ಇಂಟರ್‌ನೆಟ್‌ನಿಂದ ಪಡೆಯುವ ಸಮಯ ಬಹುಮಟ್ಟಿಗೆ ಗ್ರೀನಿಚ್ ಸಮಯವಾಗಿರುತ್ತದೆ. ಅದು ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಬೆಳಿಗ್ಗೆ 6.30ಕ್ಕೆ ಹಚ್ಚಿದ ಬೆಂಕಿ ದಾಖಲೆಯಲ್ಲಿ ನಡುರಾತ್ರಿ 1 ಗಂಟೆಗೆ ಕಾಣಿಸಿಕೊಂಡರೆ ನಿಮ್ಮ ದೂರು ಅಲ್ಲಿಗೇ ಬಿದ್ದುಹೋಗುತ್ತದೆ. ಮೊದಲ ದಿನ ಕೈಗಡಿಯಾರ ನೋಡಿಕೊಂಡು ಒಂದು ಊದುಕಡ್ಡಿ ಹಚ್ಚಿ, ಅಂಕಿಯ ಏರಿಕೆ ದಾಖಲೆಯಲ್ಲಿ ಅದೇ ಹೊತ್ತಿಗೆ ಬಂದಿದೆಯೇ ಎಂದು ನೋಡಿಕೊಳ್ಳಿ.

ಹಂತ 4: ಹೊರಗೆ ಕಟ್ಟುವ ಮೊದಲು ಒಳಗಿನ ಪರೀಕ್ಷೆ

ಸೆನ್ಸರ್ ಚಾಲೂ ಆದ ಮೊದಲ ಅರ್ಧ ನಿಮಿಷದ ಅಂಕಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಫ್ಯಾನ್ ತನ್ನ ವೇಗಕ್ಕೆ ಬರಲು ಅಷ್ಟು ಹೊತ್ತು ಬೇಕು. ನಂತರ ಕಿಟಕಿ ತೆರೆದ, ಅಡುಗೆ ನಡೆಯದ ಕೋಣೆಯಲ್ಲಿ ಎರಡು ದಿನ ಓಡಿಸಿ.

ಸಾಧ್ಯವಾದರೆ ಅದೇ ಮಾದರಿಯ ಇನ್ನೊಂದು ಸೆನ್ಸರನ್ನು ಸ್ನೇಹಿತರಿಂದ ತಂದು ಒಂದು ಅಡಿ ಅಂತರದಲ್ಲಿಡಿ. ಎರಡೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯಬೇಕು. ಎರಡರ ಅಂಕಿ ಒಂದೇ ಆಗಿರಬೇಕೆಂದಿಲ್ಲ. ಅಂಕಿ 100 ಮೈಕ್ರೋಗ್ರಾಂಗಿಂತ ಕಡಿಮೆಯಿರುವಾಗ ಸುಮಾರು 10 ಮೈಕ್ರೋಗ್ರಾಂನಷ್ಟು ಹೆಚ್ಚುಕಡಿಮೆಯನ್ನು ತಯಾರಕರೇ ಒಪ್ಪಿಕೊಳ್ಳುತ್ತಾರೆ. ಆದ್ದರಿಂದ ನಿಮ್ಮ ಮನೆಯಲ್ಲಿ 42, ಪಕ್ಕದ ಬೀದಿಯಲ್ಲಿ 47 ಎಂದು ವಾದಿಸುವುದರಲ್ಲಿ ಅರ್ಥವಿಲ್ಲ.

ಆಮೇಲೆ ಊದುಕಡ್ಡಿಯ ಪರೀಕ್ಷೆ. ಕಿಟಕಿ ಮುಚ್ಚಿ, ಕೋಣೆಯ ಇನ್ನೊಂದು ತುದಿಯಲ್ಲಿ ಒಂದು ಕಡ್ಡಿ ಹಚ್ಚಿ. ಕೆಲವು ನಿಮಿಷಗಳಲ್ಲಿ ಅಂಕಿ ಏರಬೇಕು, ಕಡ್ಡಿ ಆರಿಸಿ ಕಿಟಕಿ ತೆರೆದ ಮೇಲೆ ನಿಧಾನವಾಗಿ ಇಳಿದು ಮೊದಲಿನ ಮಟ್ಟದ ಹತ್ತಿರ ಬರಬೇಕು. ಹೊಗೆಯನ್ನು ನೇರವಾಗಿ ಸೆನ್ಸರಿನ ಬಾಯಿಗೆ ಹಿಡಿಯಬೇಡಿ, ಒಳಗಿನ ಬೆಳಕಿನ ಭಾಗಕ್ಕೆ ಜಿಗುಟು ಅಂಟಿ ಹೊಸ ಸೆನ್ಸರ್ ಮೊದಲ ದಿನವೇ ಹಾಳಾಗುತ್ತದೆ.

ಅಂಕಿ ಗಂಟೆಗಟ್ಟಲೆ ಒಂದೇ ಸಂಖ್ಯೆಯಲ್ಲಿ ನಿಂತಿದ್ದರೆ ಬೋರ್ಡ್ ಹಳೆಯ ಅಂಕಿಯನ್ನೇ ಮತ್ತೆ ಮತ್ತೆ ಕಳಿಸುತ್ತಿದೆ ಎಂದು ತಿಳಿಯಿರಿ. ಸೊನ್ನೆಯಲ್ಲೇ ಕೂತಿದ್ದರೆ ಫ್ಯಾನಿಗೆ ಕಿವಿಯಿಟ್ಟು ಕೇಳಿ. ಹೊಗೆ ಆರಿದ ಮೇಲೂ ಅಂಕಿ ಇಳಿಯದಿದ್ದರೆ ಒಳಗೆ ನೂಲೋ ಹುಳವೋ ಸಿಕ್ಕಿಕೊಂಡಿರುವ ಸಂಭವ ಹೆಚ್ಚು.

ಹಂತ 5: ಕವಚ ಮತ್ತು ಜಾಗ

ಹತ್ತರಲ್ಲಿ ಎಂಟು ದಾಖಲೆಗಳು ಕೆಡುವುದು ಈ ಹಂತದಲ್ಲಿ ಎಂದರೆ ಉತ್ಪ್ರೇಕ್ಷೆಯೆನಿಸಬಹುದು, ಆದರೆ ನಾನು ನೋಡಿದ ಮಟ್ಟಿಗೆ ಸೆನ್ಸರಿನ ದೋಷಕ್ಕಿಂತ ಜಾಗದ ದೋಷವೇ ಹೆಚ್ಚು.

ಕವಚಕ್ಕೆ ಎರಡು ಪಿವಿಸಿ ಬೆಂಡುಗಳನ್ನು ಒಂದಕ್ಕೊಂದು ಸೇರಿಸಿ, ಎರಡೂ ಬಾಯಿ ಕೆಳಮುಖವಾಗಿರುವಂತೆ ಕಮಾನಿನ ಆಕಾರ ಮಾಡಿ. ಸೆನ್ಸರ್ ಒಂದು ಬಾಯಿಯ ಹತ್ತಿರ, ಬೋರ್ಡ್ ಮೇಲ್ಭಾಗದಲ್ಲಿ ಇರಲಿ. ಗಾಳಿ ಒಳಹೋಗುವ ತೂತು ಮತ್ತು ಹೊರಬರುವ ತೂತು ಒಂದನ್ನೊಂದು ನೋಡುವಂತಿದ್ದರೆ ಸೆನ್ಸರ್ ತಾನು ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಎಳೆಯುವ ತೂತಿಗೆ ಸಣ್ಣ ಮೃದು ಕೊಳವೆ ಸೇರಿಸಿ ಕವಚದ ಬಾಯಿಯ ತನಕ ತನ್ನಿ. ಎರಡೂ ಬಾಯಿಗೆ ಸೊಳ್ಳೆಪರದೆಯ ಜಾಲರಿ ಕಟ್ಟಿ. ಇರುವೆ, ಜೇಡ ಇವೆರಡೂ ಈ ಬೆಚ್ಚಗಿನ ಪೈಪನ್ನು ಮನೆ ಮಾಡಿಕೊಳ್ಳದೆ ಬಿಡುವುದಿಲ್ಲ. ಧೂಳು ಬರಬಾರದೆಂದು ಬಾಯಿಗೆ ಹತ್ತಿ ತುರುಕಿದವರಿದ್ದಾರೆ. ಅಳೆಯಬೇಕಾದ ಧೂಳನ್ನೇ ಹತ್ತಿ ತಡೆದ ಮೇಲೆ ಉಳಿಯುವುದು ಸುಂದರವಾದ ಸುಳ್ಳು ಅಂಕಿ.

ಎತ್ತರದ ಬಗ್ಗೆ ಸರ್ಕಾರಿ ಗಾಳಿ ಮಾಪನ ಕೇಂದ್ರಗಳ ನಿಯಮವನ್ನೇ ಅನುಸರಿಸುವುದು ಒಳ್ಳೆಯದು: ಕೇಂದ್ರೀಯ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾರ್ಗಸೂಚಿಯಂತೆ ಗಾಳಿ ಎಳೆಯುವ ಬಾಯಿ ನೆಲದಿಂದ 3ರಿಂದ 10 ಮೀಟರ್ ಎತ್ತರದಲ್ಲಿರಬೇಕು. ಸಾಮಾನ್ಯ ಮನೆಯಲ್ಲಿ ಇದು ಮೊದಲ ಅಥವಾ ಎರಡನೆಯ ಮಹಡಿಯ ಬಾಲ್ಕನಿ. ಸಜ್ಜಾದ ಕೆಳಗೆ, ನೇರ ಬಿಸಿಲು ಬೀಳದ, ಮಳೆಯ ಎರಚಲು ತಾಗದ ಗೋಡೆ ಸಿಕ್ಕರೆ ಅದೇ ಉತ್ತಮ. ಮೂರು ಕಡೆಯಿಂದ ಗಾಳಿ ಸರಾಗವಾಗಿ ಆಡಬೇಕು. ಎರಡು ಕಟ್ಟಡಗಳ ನಡುವಿನ ಇಕ್ಕಟ್ಟಾದ ಸಂದಿ ಬೇಡ.

ಇನ್ನು ದೂರವಿಡಬೇಕಾದವು. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಮೊದಲನೆಯದು. ಒಂದು ಸಾಸಿವೆ ಒಗ್ಗರಣೆ, ಒಂದು ಮೆಣಸಿನಕಾಯಿ ಹುರಿತ ಸಾಕು, ಅಂಕಿ ನಿಮಿಷದೊಳಗೆ ಹಲವು ಪಟ್ಟು ಏರುತ್ತದೆ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಬಚ್ಚಲೊಲೆಯ ಹೊಗೆ ಬೆಳಗಿನ ಹೊತ್ತು ಮಾಡಿನ ಸುತ್ತ ಸುಳಿಯುತ್ತಿರುತ್ತದೆ, ಅಲ್ಲಿ ಸೆನ್ಸರನ್ನು ಬಚ್ಚಲಿನ ಎದುರು ದಿಕ್ಕಿನ ಗೋಡೆಗೆ ಕಟ್ಟಿ. ದೇವರಮನೆಯ ಕಿಟಕಿ, ಸೊಳ್ಳೆಬತ್ತಿ ಹಚ್ಚುವ ಜಗುಲಿ, ಸ್ಕೂಟರ್ ಚಾಲೂ ಮಾಡುವ ಗೇಟು, ಕಟ್ಟಡದ ಜನರೇಟರ್, ಎಸಿಯ ಹೊರ ಯಂತ್ರ, ಬಟ್ಟೆ ಒಗೆದು ಒಣಹಾಕುವ ತಂತಿ ಇವೆಲ್ಲ ಬೇಡ. ಕಟ್ಟುವ ಮೊದಲು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಹೊತ್ತು ಆ ಜಾಗದಲ್ಲಿ ಐದು ನಿಮಿಷ ನಿಂತು ಮೂಸಿ ನೋಡಿ. ಮೂಗಿಗೆ ಬಂದ ವಾಸನೆ ಸೆನ್ಸರಿಗೂ ಬರುತ್ತದೆ.

ವಿದ್ಯುತ್ತಿನ ವಿಷಯದಲ್ಲಿ ರಾಜಿ ಬೇಡ. 230 ವೋಲ್ಟಿನ ಪ್ಲಗ್ಗು ಮತ್ತು ಅಡಾಪ್ಟರ್ ಒಳಗೇ ಇರಲಿ. ಹೊರಗೆ ಹೋಗುವುದು 5 ವೋಲ್ಟಿನ ತಂತಿ ಮಾತ್ರ. ಆ ತಂತಿ ತೀರ ಉದ್ದ, ತೀರ ಸಪೂರವಾಗಿದ್ದರೆ ದಾರಿಯಲ್ಲೇ ವೋಲ್ಟೇಜ್ ಇಳಿದು ಫ್ಯಾನ್ ನಿಧಾನವಾಗುತ್ತದೆ. ಕವಚದ ಬಳಿ ತಂತಿಯನ್ನು ಸ್ವಲ್ಪ ಕೆಳಗೆ ಜೋಲುಬಿಟ್ಟು ಮೇಲೆತ್ತಿ. ಮಳೆನೀರು ಆ ಜೋಲಿನಿಂದ ತೊಟ್ಟಿಕ್ಕುತ್ತದೆಯೇ ಹೊರತು ಒಳಗೆ ಹರಿಯುವುದಿಲ್ಲ.

ಹಂತ 6: ದಾಖಲೆ ಇಡುವುದು

ನಿಮಿಷಕ್ಕೊಂದು ಅಂಕಿ ಉಳಿಸಿ, ಅದರಿಂದ ಗಂಟೆಯ ಸರಾಸರಿ ತೆಗೆಯಿರಿ. ಒಂದು ಗಂಟೆಯಲ್ಲಿ ಕನಿಷ್ಠ 45 ನಿಮಿಷದ ಅಂಕಿಗಳಿಲ್ಲದಿದ್ದರೆ ಆ ಗಂಟೆಯನ್ನು ಖಾಲಿ ಬಿಡಿ. ದಿನದ ಸರಾಸರಿಗೆ ಕನಿಷ್ಠ 16 ಗಂಟೆಗಳ ಅಂಕಿ ಬೇಕು. ರಾಷ್ಟ್ರೀಯ ಗಾಳಿ ಗುಣಮಟ್ಟ ಸೂಚ್ಯಂಕವೂ ಇದೇ ಮಿತಿಯನ್ನು ಇಟ್ಟುಕೊಂಡಿದೆ. ಕರೆಂಟ್ ಹೋದ ಹೊತ್ತಿಗೆ ಕೆಲವು ಪ್ರೋಗ್ರಾಂಗಳು ಸೊನ್ನೆ ತುಂಬುತ್ತವೆ. ಆ ಸೊನ್ನೆಗಳು ಸರಾಸರಿಯನ್ನು ಕೆಳಗೆಳೆದು ಕೆಟ್ಟ ದಿನವನ್ನು ಒಳ್ಳೆಯ ದಿನವನ್ನಾಗಿ ತೋರಿಸುವುದರಿಂದ ಮೊದಲು ಅವನ್ನು ಹುಡುಕಿ ತೆಗೆಯಿರಿ.

ಅಂಕಿಯ ಜೊತೆಗೆ ಕೈಬರಹದ ಟಿಪ್ಪಣಿ ಇಲ್ಲದಿದ್ದರೆ ಮೂರು ವಾರದ ಬಳಿಕ ಯಾವ ಏರಿಕೆ ಯಾವುದರದ್ದು ಎಂದು ನಿಮಗೇ ನೆನಪಿರುವುದಿಲ್ಲ. ಟಿಪ್ಪಣಿ ಹೀಗಿರಲಿ: "ಬೆಳಿಗ್ಗೆ 6.40. ಎದುರಿನ ತಿರುವಿನಲ್ಲಿ ಗುಡಿಸಿದ ತರಗೆಲೆ, ಪ್ಲಾಸ್ಟಿಕ್ ಕವರ್ ಸೇರಿ ಬೆಂಕಿ. ಗಾಳಿ ಪೂರ್ವದಿಂದ, ಹೊಗೆ ನಮ್ಮ ಕಡೆಗೆ. ಆರ್ದ್ರತೆ 62. ನಮ್ಮ ಒಲೆ ಇನ್ನೂ ಹಚ್ಚಿಲ್ಲ. 7.15ಕ್ಕೆ ಆರಿತು." ಗಾಳಿಯ ದಿಕ್ಕಿಗೆ ಯಂತ್ರ ಬೇಕಿಲ್ಲ, ತೆಳುವಾದ ಬಟ್ಟೆಯ ಪಟ್ಟಿಯೊಂದನ್ನು ಬಾಲ್ಕನಿಯ ಕಂಬಿಗೆ ಕಟ್ಟಿದರೆ ಸಾಕು. ಟಿಪ್ಪಣಿಯ ಕೊನೆಯ ಎರಡು ವಾಕ್ಯಗಳನ್ನು ಎಂದೂ ಬಿಡಬೇಡಿ. ನಿಮ್ಮ ಮನೆಯ ಒಲೆ ಹೊತ್ತಿರಲಿಲ್ಲ ಎಂಬುದು, ಬೆಂಕಿ ಆರಿದ ಹೊತ್ತಿಗೇ ಅಂಕಿ ಇಳಿಯಿತು ಎಂಬುದು, ಏರಿಕೆಯ ಎತ್ತರಕ್ಕಿಂತ ಹೆಚ್ಚು ಬೆಲೆಬಾಳುವ ಮಾಹಿತಿ.

ಹಂತ 7: ತೇವವನ್ನು ಹೊಗೆಯೆಂದು ಎಣಿಸದಿರುವುದು

ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳಲ್ಲಿ ಒಂದು ಪಾಲು ಸಲ್ಫೇಟ್, ನೈಟ್ರೇಟ್‌ನಂಥ ಲವಣಗಳದ್ದು. ಆರ್ದ್ರತೆ ಏರಿದಂತೆ ಇವು ನೀರು ಹೀರಿ ಉಬ್ಬುತ್ತವೆ. ಅಮೋನಿಯಂ ಸಲ್ಫೇಟ್ ಶೇಕಡಾ 80ರ ಸುಮಾರಿಗೆ ಪೂರ್ತಿ ಕರಗಿ ಹನಿಯಾಗುತ್ತದೆ. ಸರ್ಕಾರಿ ಕೇಂದ್ರಗಳಲ್ಲಿ ಕಣಗಳನ್ನು ಅಳೆಯಲು ಬಳಸುವ ಬೀಟಾ ಕಿರಣದ ಯಂತ್ರಗಳು ಒಳಬರುವ ಗಾಳಿಯನ್ನು ಬಿಸಿಮಾಡಿ ಒಣಗಿಸಿಕೊಳ್ಳುತ್ತವೆ. ನಿಮ್ಮ ಸೆನ್ಸರಿಗೆ ಆ ಸೌಕರ್ಯವಿಲ್ಲ, ಉಬ್ಬಿದ ಹನಿಯನ್ನೂ ಅದು ಹೊಗೆಯ ಕಣವೆಂದೇ ಎಣಿಸುತ್ತದೆ. ಎಸ್‌ಡಿಎಸ್011ರ ತಯಾರಕರು ಆರ್ದ್ರತೆಯ ಗರಿಷ್ಠ ಮಿತಿಯನ್ನು ಶೇಕಡಾ 70 ಎಂದೇ ಬರೆದಿದ್ದಾರೆ. ಮಡಿಕೇರಿಯಲ್ಲೋ ಮಂಗಳೂರಿನಲ್ಲೋ ಮಳೆಗಾಲವಿಡೀ ಈ ಮಿತಿ ಮೀರಿರುತ್ತದೆ. ಬೆಂಗಳೂರು, ಧಾರವಾಡಗಳಲ್ಲಿ ಡಿಸೆಂಬರಿನ ಬೆಳಗಿನ ಜಾವಕ್ಕೂ ಮೀರುತ್ತದೆ.

ಇದನ್ನು ಗುರುತಿಸಲು ಏರಿಕೆಯ ಆಕಾರವನ್ನು ನೋಡಬೇಕು. ಬೆಂಕಿಯ ಹೊಗೆ ಕೆಲವೇ ನಿಮಿಷಗಳಲ್ಲಿ ಕಡಿದಾಗಿ ಏರಿ, ಅಂಕುಡೊಂಕಾಗಿ ಕುಣಿದು, ಬೆಂಕಿ ಆರಿದೊಡನೆ ಇಳಿಯುತ್ತದೆ. ತೇವದ ಏರಿಕೆ ನಡುರಾತ್ರಿಯಿಂದ ಮೆಲ್ಲನೆ, ನುಣುಪಾಗಿ ಹತ್ತುತ್ತದೆ. ಆರ್ದ್ರತೆಯ ಗೆರೆಯ ಜೊತೆಜೊತೆಗೇ ಸಾಗಿ, ಬಿಸಿಲು ಬಿದ್ದು ಗಾಳಿ ಒಣಗುತ್ತಿದ್ದಂತೆ ಅದರೊಡನೆಯೇ ಕುಸಿಯುತ್ತದೆ. ಎರಡೂ ಗೆರೆಗಳನ್ನು ಒಂದೇ ಹಾಳೆಯಲ್ಲಿ ಬಿಡಿಸಿದರೆ ಇದು ಕಣ್ಣಿಗೆ ಬೀಳುತ್ತದೆ.

ಹಾಗೆಂದು ಬೆಳಗಿನ ಜಾವದ ಏರಿಕೆಯನ್ನೆಲ್ಲ ತೇವವೆಂದು ತಳ್ಳಿಹಾಕುವುದು ಇನ್ನೊಂದು ಅತಿ. ಚಳಿಗಾಲದ ರಾತ್ರಿಗಳಲ್ಲಿ ನೆಲದ ಬಳಿಯ ಗಾಳಿ ಮೇಲಿನ ಗಾಳಿಗಿಂತ ಹೆಚ್ಚು ತಣ್ಣಗಾಗಿ, ಹೊಗೆ ಮೇಲೇರಲಾರದೆ ಕೆಳಗೇ ಶೇಖರವಾಗುವುದು ನಿಜವಾದ ಮಾಲಿನ್ಯವೇ. ಹೀಗಾಗಿ ಆರ್ದ್ರತೆ ಶೇಕಡಾ 80 ದಾಟಿದ ಗಂಟೆಗಳನ್ನು ಅಳಿಸಬೇಡಿ, ಬೇರೆ ಬಣ್ಣದಲ್ಲಿ ಗುರುತು ಹಾಕಿ. ಸರಾಸರಿಯನ್ನು ಎರಡು ಸಲ ತೆಗೆಯಿರಿ: ಎಲ್ಲ ಗಂಟೆಗಳನ್ನು ಸೇರಿಸಿ ಒಂದು, ಗುರುತು ಹಾಕಿದವನ್ನು ಬಿಟ್ಟು ಒಂದು. ಎರಡರಲ್ಲೂ ಕಾಣುವ ಮಾತನ್ನಷ್ಟೇ ದೂರಿನಲ್ಲಿ ಬರೆಯಿರಿ. ಅಂತರ್ಜಾಲದಲ್ಲಿ ಸಿಗುವ ಆರ್ದ್ರತೆ ತಿದ್ದುಪಡಿಯ ಸೂತ್ರಗಳಲ್ಲಿ ಹೆಚ್ಚು ಪ್ರಚಾರದಲ್ಲಿರುವುದು ಅಮೆರಿಕದ ಗಾಳಿಗೆ ಹೊಂದಿಸಿದ್ದು. ನಮ್ಮ ಗಾಳಿಯ ಕಣಗಳ ಕೂಡಿಕೆ ಬೇರೆ, ಆ ಸೂತ್ರವನ್ನು ತಂದು ಹಚ್ಚಿದರೆ ತಪ್ಪು ಹೋಗುವುದಿಲ್ಲ, ಅಡಗಿ ಕೂರುತ್ತದೆ.

ಹಂತ 8: ಸರ್ಕಾರಿ ಕೇಂದ್ರದೊಂದಿಗೆ ಹೋಲಿಕೆ

ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಿರಂತರ ಮಾಪನ ಕೇಂದ್ರಗಳು ಬೆಂಗಳೂರಿನಲ್ಲಿ ಹೆಬ್ಬಾಳ, ಸಿಲ್ಕ್ ಬೋರ್ಡ್, ಜಯನಗರ 5ನೇ ಬ್ಲಾಕ್, ಬಾಪೂಜಿನಗರ ಮುಂತಾದ ಕಡೆ ಇವೆ; ಮೈಸೂರು, ಹುಬ್ಬಳ್ಳಿ, ಕಲಬುರಗಿ, ದಾವಣಗೆರೆ, ಮಂಗಳೂರುಗಳಲ್ಲೂ ಇವೆ. ಪಟ್ಟಿಯಿಂದ ಆರಿಸುವಾಗ ಊರಿನ ಹೆಸರನ್ನೂ ಓದಿಕೊಳ್ಳಿ: ಮೈಸೂರಿನ ಕೇಂದ್ರವೂ ಹೆಬ್ಬಾಳದಲ್ಲೇ ಇದೆ, ಬೆಂಗಳೂರಿನ ಹೆಬ್ಬಾಳವೆಂದು ಅದರ ಅಂಕಿ ಇಳಿಸಿಕೊಂಡರೆ ಹೋಲಿಕೆ ಪೂರ್ತಿ ತಲೆಕೆಳಗಾಗುತ್ತದೆ.

ಕೇಂದ್ರೀಯ ಮಂಡಳಿಯ ಸಮೀರ್ ಆ್ಯಪ್‌ನಲ್ಲಿ ಕಾಣುವ ಸೂಚ್ಯಂಕ ಕಳೆದ 24 ಗಂಟೆಗಳ ಸರಾಸರಿಯಿಂದ ಬಂದದ್ದು. ನಿಮ್ಮ ಮೀಟರಿನ ಈ ಕ್ಷಣದ ಅಂಕಿಯನ್ನು ಅದರ ಪಕ್ಕದಲ್ಲಿಟ್ಟು ಸರ್ಕಾರ ಸುಳ್ಳು ಹೇಳುತ್ತಿದೆ ಎನ್ನುವುದು ಈ ಕೆಲಸದಲ್ಲಿ ಕಾಣುವ ಅತಿ ಸಾಮಾನ್ಯ ತಪ್ಪು. ಕೇಂದ್ರೀಯ ಮಂಡಳಿಯ ಜಾಲತಾಣದಿಂದ ಆ ಕೇಂದ್ರದ ಪಿಎಂ 2.5ರ ಗಂಟೆವಾರು ಅಂಕಿಗಳನ್ನು ಮೈಕ್ರೋಗ್ರಾಂಗಳಲ್ಲಿ ಇಳಿಸಿಕೊಂಡು, ನಿಮ್ಮ ಗಂಟೆವಾರು ಸರಾಸರಿಯ ಪಕ್ಕದಲ್ಲಿಡಿ. ಕನಿಷ್ಠ ಎರಡು ವಾರ ಬೇಕು.

ಎಲ್ಲ ಗಂಟೆಗಳೂ ಹೊಂದಿಕೆಯಾಗಬೇಕೆಂದು ಬಯಸಬೇಡಿ, ಎರಡು ಜಾಗಗಳ ಗಾಳಿ ಬೇರೆ ಬೇರೆಯೇ. ಮಳೆಯಿಲ್ಲದ ದಿನಗಳ ಮಧ್ಯಾಹ್ನ 2ರಿಂದ 4ರ ಹೊತ್ತನ್ನು ಮಾತ್ರ ಮೊದಲು ನೋಡಿ. ಆ ಹೊತ್ತಿಗೆ ನೆಲ ಕಾದು ಗಾಳಿ ಮೇಲಿನ ತನಕ ಕಲಸಿಕೊಂಡಿರುವುದರಿಂದ ಅಕ್ಕಪಕ್ಕದ ಬಡಾವಣೆಗಳ ಅಂಕಿಗಳು ಹತ್ತಿರ ಬರುತ್ತವೆ, ಆರ್ದ್ರತೆಯೂ ಕಡಿಮೆ. ಈ ಹೊತ್ತಿನಲ್ಲೂ ನಿಮ್ಮ ಸೆನ್ಸರ್ ದಿನವೂ ಎರಡು ಪಟ್ಟು ತೋರಿಸುತ್ತಿದ್ದರೆ ದೋಷ ಸೆನ್ಸರಿನಲ್ಲೋ ಜಾಗದಲ್ಲೋ ಇದೆ. ಹಂತ 4ಕ್ಕೆ ಹಿಂತಿರುಗಿ. ಮಧ್ಯಾಹ್ನ ಹೊಂದಿಕೊಂಡು, ಬೆಳಿಗ್ಗೆ ಮಾತ್ರ ನಿಮ್ಮಲ್ಲಿ ಬಹಳ ಹೆಚ್ಚಾಗಿದ್ದರೆ, ಮತ್ತು ಟಿಪ್ಪಣಿಯಲ್ಲಿ ಅದೇ ಹೊತ್ತಿಗೆ ಬೆಂಕಿ ದಾಖಲಾಗಿದ್ದರೆ, ಕೇಂದ್ರಕ್ಕೆ ಕಾಣದ ಸ್ಥಳೀಯ ಹೊಗೆ ನಿಮ್ಮ ಕೈಗೆ ಸಿಕ್ಕಿದೆ ಎಂದರ್ಥ.

ಹಂತ 9: ಸೂಚ್ಯಂಕಕ್ಕೆ ಪರಿವರ್ತನೆ

ಭಾರತದ ಮಾನದಂಡದಂತೆ ಪಿಎಂ 2.5ರ 24 ಗಂಟೆಯ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ, ವಾರ್ಷಿಕ ಮಿತಿ 40. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಟ್ಟಗಳು ಕ್ರಮವಾಗಿ 15 ಮತ್ತು 5. ಯಾವುದರ ಎದುರು ಹೋಲಿಸುತ್ತಿದ್ದೀರಿ ಎಂದು ಹೇಳಿ ಬರೆಯಿರಿ.

ಭಾರತೀಯ ಸೂಚ್ಯಂಕದಲ್ಲಿ 30 ಮೈಕ್ರೋಗ್ರಾಂ ಎಂದರೆ 50, 60 ಎಂದರೆ 100, 90 ಎಂದರೆ 200, 120 ಎಂದರೆ 300, 250 ಎಂದರೆ 400. ನಡುವಿನ ಅಂಕಿಗಳನ್ನು ಸಮಪಾಲಿನಲ್ಲಿ ಹಂಚಿಕೊಳ್ಳಬೇಕು: ದಿನದ ಸರಾಸರಿ 75 ಬಂದರೆ ಅದು 60 ಮತ್ತು 90ರ ನಟ್ಟನಡುವೆ ಇರುವುದರಿಂದ ಸೂಚ್ಯಂಕ ಸುಮಾರು 150. ಅನೇಕ ಮೀಟರ್‌ಗಳು, ವಿದೇಶಿ ಆ್ಯಪ್‌ಗಳು ಅಮೆರಿಕದ ಅಳತೆಗೋಲನ್ನು ಬಳಸುತ್ತವೆ. ಅದರಲ್ಲಿ 30 ಮೈಕ್ರೋಗ್ರಾಂಗೆ ಸುಮಾರು 90, 60ಕ್ಕೆ 150ಕ್ಕಿಂತ ಸ್ವಲ್ಪ ಹೆಚ್ಚು ಬರುತ್ತದೆ. ಆದರೆ 90ಕ್ಕೆ ಅಲ್ಲಿ ಸುಮಾರು 175, ನಮ್ಮಲ್ಲಿ 200. ಅಂದರೆ ಅಮೆರಿಕದ ಅಂಕಿ ಯಾವಾಗಲೂ ಹೆಚ್ಚಿರುತ್ತದೆ ಎಂಬ ತಿಳಿವಳಿಕೆಯೂ ಸರಿಯಲ್ಲ. ನಿಮ್ಮ ದಾಖಲೆಯಲ್ಲಿ ಮೈಕ್ರೋಗ್ರಾಂ ಮೊದಲು, ಸೂಚ್ಯಂಕ ಆಮೇಲೆ ಇರಲಿ.

ಒಂದು ಗಂಟೆಯ ಏರಿಕೆಯನ್ನು ಸೂಚ್ಯಂಕಕ್ಕೆ ಪರಿವರ್ತಿಸಲೇಬೇಡಿ. ಆ ಪಟ್ಟಿ ಇರುವುದು 24 ಗಂಟೆಯ ಸರಾಸರಿಗೆ. ಪೂರ್ಣ ಸೂಚ್ಯಂಕಕ್ಕೆ ಕನಿಷ್ಠ ಮೂರು ಮಾಲಿನ್ಯಕಾರಕಗಳ ಅಂಕಿ ಬೇಕಾಗುವುದರಿಂದ, ನಿಮ್ಮದನ್ನು ಪಿಎಂ 2.5ರ ಉಪಸೂಚ್ಯಂಕ ಎಂದೇ ಕರೆಯಿರಿ.

ಹಂತ 10: ದೂರಿಗೆ ಜೋಡಿಸುವುದು

ದೂರು ಒಂದು ಪುಟ ಮೀರದಿರಲಿ. ಬೆಂಕಿಯ ಜಾಗ, ದಿನಾಂಕ, ಹೊತ್ತು. ಆ ಗಂಟೆಯ ಸರಾಸರಿ, ಹಿಂದಿನ ಮತ್ತು ಮುಂದಿನ ಗಂಟೆಯ ಸರಾಸರಿ. ಆರ್ದ್ರತೆ, ಗಾಳಿಯ ದಿಕ್ಕು. ಸೆನ್ಸರಿನ ಮಾದರಿ ಮತ್ತು ಎತ್ತರ. ಹತ್ತಿರದ ಸರ್ಕಾರಿ ಕೇಂದ್ರದ ಅದೇ ಗಂಟೆಯ ಅಂಕಿ. ಒಂದು ದಿನದ ದೊಡ್ಡ ಏರಿಕೆಗಿಂತ, ಅದೇ ತಿರುವಿನಲ್ಲಿ ಅದೇ ಹೊತ್ತಿಗೆ ಬೇರೆ ಬೇರೆ ದಿನ ಮರುಕಳಿಸಿದ ಏರಿಕೆಗಳ ಪಟ್ಟಿಗೆ ತೂಕ ಹೆಚ್ಚು. ಪಾಲಿಕೆಯ ಜೊತೆಗೆ ರಾಜ್ಯ ಮಂಡಳಿಗೂ ಪ್ರತಿ ಹೋಗಲಿ. ಕೇಂದ್ರೀಯ ಮಂಡಳಿಯ ಸಮೀರ್ ಆ್ಯಪ್‌ನಲ್ಲೂ ದೂರು ದಾಖಲಿಸಬಹುದು.

ರಸ್ತೆ, ಬಯಲಲ್ಲಿ ಕಸ ಸುಡುವುದನ್ನು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲೇ ನಿಷೇಧಿಸಲಾಗಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸಾಮಾನ್ಯ ಪ್ರಮಾಣದ ಸುಡುವಿಕೆಗೆ 5,000 ರೂಪಾಯಿ, ಭಾರಿ ಪ್ರಮಾಣದ್ದಕ್ಕೆ 25,000 ರೂಪಾಯಿ ಪರಿಹಾರ ವಸೂಲಿಗೆ ಆದೇಶಿಸಿದೆ. ಇವನ್ನು ಉಲ್ಲೇಖಿಸಿ. ಆದರೆ ಬೆಂಕಿ ಹಚ್ಚಿದ ಪೌರಕಾರ್ಮಿಕರ ಮುಖ ಫೋಟೊದಲ್ಲಿ ಬೇಡ. ತರಗೆಲೆ ಒಯ್ಯುವ ಗಾಡಿ ವಾರಗಟ್ಟಲೆ ಬಾರದ ಬೀದಿಯಲ್ಲಿ ರಾಶಿ ಕರಗಿಸಲು ಅವರಿಗೆ ಕೊಟ್ಟಿರುವ ದಾರಿ ಬೆಂಕಿಪೊಟ್ಟಣವೊಂದೇ. ಗಾಡಿ ಎಷ್ಟು ದಿನದಿಂದ ಬಂದಿಲ್ಲ ಎಂಬುದನ್ನು ದೂರಿನ ಮೊದಲ ಸಾಲಿನಲ್ಲೇ ಬರೆಯಿರಿ.

ಹಂತ 11: ನಿರ್ವಹಣೆ

ತಿಂಗಳಿಗೊಮ್ಮೆ ಜಾಲರಿ ಬಿಚ್ಚಿ ಒಣ ಕುಂಚದಿಂದ ಒರೆಸಿ, ಜೇಡರ ಬಲೆ ತೆಗೆಯಿರಿ. ನೀರು, ಸ್ಪಿರಿಟ್ ಎರಡೂ ಬೇಡ. ದೀಪಾವಳಿಯ ಮರುವಾರ ಇನ್ನೊಮ್ಮೆ ನೋಡಿ, ಪಟಾಕಿಯ ಹೊಗೆಯ ನಂತರ ಅಂಕಿ ಹಿಂದಿನ ಮಟ್ಟಕ್ಕೆ ಇಳಿಯದಿದ್ದರೆ ಒಳಗೆ ಮಸಿ ಕೂತಿರಬಹುದು.

ಎಸ್‌ಡಿಎಸ್011ರ ಲೇಸರಿನ ಆಯುಷ್ಯ ಸುಮಾರು 8,000 ಗಂಟೆ. ಬಿಡುವಿಲ್ಲದೆ ಓಡಿಸಿದರೆ ಹನ್ನೊಂದು ತಿಂಗಳಿಗೆ ಮುಗಿಯುತ್ತದೆ. ಐದು ನಿಮಿಷಕ್ಕೊಮ್ಮೆ ಎಬ್ಬಿಸಿ, ಮೊದಲ ಅರ್ಧ ನಿಮಿಷ ಬಿಟ್ಟು, ಉಳಿದರ್ಧ ನಿಮಿಷ ಅಳೆದು ಮಲಗಿಸಿದರೆ ವರ್ಷಗಳ ಕಾಲ ಬಾಳುತ್ತದೆ. ಸ್ಥಳೀಯ ಬೆಂಕಿಯನ್ನು ಹಿಡಿಯುವುದೇ ನಿಮ್ಮ ಪ್ರಶ್ನೆಯಾಗಿದ್ದರೆ ಬೆಳಿಗ್ಗೆ 5ರಿಂದ 9ರ ತನಕ ಸತತವಾಗಿ, ಉಳಿದ ಹೊತ್ತು ಬಿಟ್ಟುಬಿಟ್ಟು ಓಡಿಸಿ. ಐದು ನಿಮಿಷಕ್ಕೊಂದು ಅಂಕಿ ಬರುವ ಆ ಗಂಟೆಗಳಲ್ಲಿ ಹನ್ನೆರಡರಲ್ಲಿ ಒಂಬತ್ತು ಅಂಕಿಗಳಿದ್ದರೆ ಗಂಟೆಯನ್ನು ಪೂರ್ಣವೆಂದು ಎಣಿಸಬಹುದು.

ಆರು ತಿಂಗಳಿಗೊಮ್ಮೆ ಮಧ್ಯಾಹ್ನದ ಹೋಲಿಕೆಯನ್ನು ಮತ್ತೆ ಮಾಡಿ. ಮೊದಲು ಹೊಂದಿಕೊಂಡಿದ್ದ ಅಂಕಿ ಈಗ ಸತತವಾಗಿ ಕಡಿಮೆ ಬರುತ್ತಿದ್ದರೆ, ಫ್ಯಾನ್ ಕೀರಲು ಸದ್ದು ಮಾಡುತ್ತಿದ್ದರೆ ಸೆನ್ಸರ್ ಬದಲಿಸುವ ಹೊತ್ತು ಬಂದಿದೆ. ಹಳೆಯದನ್ನು ತಕ್ಷಣ ತೆಗೆಯದೆ, ಹೊಸದರ ಜೊತೆ ಒಂದು ವಾರ ಒಟ್ಟಿಗೆ ಓಡಿಸಿ, ಎರಡರ ನಡುವಿನ ವ್ಯತ್ಯಾಸವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಇಲ್ಲದಿದ್ದರೆ ಸೆನ್ಸರ್ ಬದಲಾದ ದಿನವೇ ನಿಮ್ಮ ಬೀದಿಯ ಗಾಳಿಯೂ ಬದಲಾದಂತೆ ದಾಖಲೆಯಲ್ಲಿ ಕಾಣುತ್ತದೆ. ತೆಗೆದದ್ದನ್ನು ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಿ. ಒಳಗೆ ಲೇಸರ್ ಇರುವುದರಿಂದ ಮಕ್ಕಳ ಕೈಗೆ ಬಿಚ್ಚಿ ನೋಡಲು ಕೊಡಬೇಡಿ.